ಜನರ ಮುಂದೆ ನಿಂತರೆ ನಡುಕ: ಸಿಬಿಡಿ ಎಣ್ಣೆ ತಗೊಳ್ಳಲಾ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು, ವಯಸ್ಸು 27. ಸಹಕಾರ ಸಂಘವೊಂದರಲ್ಲಿ ಕೆಲಸ. ಹೋದ ವರ್ಷ ಮಹಾಸಭೆಯಲ್ಲಿ ವರದಿ ಓದಲು ನಿಂತಾಗ ಗಂಟಲು ಕಟ್ಟಿತು. ಕೈ ನಡುಗಿ ಕಾಗದ ಪಟಪಟ ಸದ್ದು ಮಾಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಂದಿನಿಂದ ಮದುವೆ, ನಾಮಕರಣ ಎಲ್ಲಾ ಬಿಟ್ಟಿದ್ದೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ತೋರಿಸಿದಾಗ ಸೋಶಿಯಲ್ ಆಂಗ್ಸೈಟಿ, ಅಂದರೆ ಸಭೆಯ ಭಯ ಎಂದು ಹೇಳಿ ಎಸಿಟಾಲೋಪ್ರಾಮ್ 10 ಮಿ.ಗ್ರಾಂ ಮಾತ್ರೆ ಬರೆದುಕೊಟ್ಟರು. ಎರಡು ವಾರ ಆಯ್ತು, ವ್ಯತ್ಯಾಸ ಕಾಣುತ್ತಿಲ್ಲ. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಆನ್‌ಲೈನ್‌ನಲ್ಲಿ ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ ತರಿಸಿ ಕಳಿಸಿದ್ದಾನೆ. ‘ಅಕ್ಕಾ, ಇದು ಮೆದುಳಿನಿಂದ ಭಯವನ್ನೇ ಅಳಿಸುತ್ತೆ. ಮಾತ್ರೆ ಬಿಟ್ಟು ಇದನ್ನು ತಗೋ’ ಅಂತಾನೆ. 30 ಮಿ.ಲೀ. ಬಾಟಲಿ, ಮೇಲೆ ‘ವಿಜಯಾ ಸತ್ವ 1000 ಮಿ.ಗ್ರಾಂ’ ಎಂದಿದೆ. ದಿನಕ್ಕೆ ಐದು ಹನಿ ನಾಲಿಗೆಯ ಕೆಳಗೆ. ಅಮ್ಮನಿಗೆ ಇದು ಗಾಂಜಾ ಅಂತ ಹೆದರಿಕೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಮಹಾಸಭೆ ಇದೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಎಣ್ಣೆ ಬಾಟಲಿಯನ್ನು ಸದ್ಯಕ್ಕೆ ಎತ್ತಿಡಿ. ಎರಡನ್ನೂ ಒಟ್ಟಿಗೆ ತಗೊಳ್ಳುವುದಂತೂ ಬೇಡವೇ ಬೇಡ, ಕಾರಣ ಮುಂದೆ ಹೇಳುತ್ತೇನೆ. ಎರಡು ವಾರಕ್ಕೆ ವ್ಯತ್ಯಾಸ ಕಾಣಲಿಲ್ಲ ಎಂದರೆ ಮಾತ್ರೆ ನಿಮಗೆ ಹಿಡಿಸಲಿಲ್ಲ ಎಂದಲ್ಲ. ಆತಂಕ ತಗ್ಗಿಸುವ ಈ ಗುಂಪಿನ ಮಾತ್ರೆಗಳು ಕೆಲಸ ಶುರುಮಾಡಲು ನಾಲ್ಕರಿಂದ ಆರು ವಾರ ಬೇಕು. ಸಭೆಯ ಭಯದಲ್ಲಿ ಪೂರ್ತಿ ಗುಣ ಕಾಣಲು ಹನ್ನೆರಡು ವಾರವೂ ಹಿಡಿಯುತ್ತದೆ. ಶುರುವಿನ ದಿನಗಳಲ್ಲಿ ಹೊಟ್ಟೆ ತೊಳಸುವುದು, ಚಡಪಡಿಕೆ ಸ್ವಲ್ಪ ಜಾಸ್ತಿಯಾಗುವುದು ಉಂಟು. ಇದನ್ನು ಮೊದಲೇ ಹೇಳಿದ್ದರೆ ಎಷ್ಟೋ ಜನ ಮಾತ್ರೆಯನ್ನು ಅರ್ಧಕ್ಕೆ ಬಿಡುತ್ತಿರಲಿಲ್ಲ.

ನಿಮ್ಮ ತಮ್ಮ ಹೇಳಿದ್ದು ಪೂರಾ ಸುಳ್ಳಲ್ಲ. ಅದರ ಹಿಂದೆ ನಿಜವಾದ ಸಂಶೋಧನೆ ಇದೆ. ಆದರೆ ‘ಅಳಿಸುತ್ತೆ’ ಎಂಬ ಒಂದು ಪದದಲ್ಲಿ ಅವನು ಎಡವಿದ್ದಾನೆ. ಅದು ಅರ್ಥವಾಗಬೇಕಾದರೆ ಮೆದುಳು ಭಯವನ್ನು ಹೇಗೆ ಕಲಿಯುತ್ತದೆ ಎಂದು ಸ್ವಲ್ಪ ನೋಡಬೇಕು.

ಕೆಲವು ವರ್ಷಗಳ ಹಿಂದೆ ಸಿದ್ದಾಪುರ ಕಡೆಯ ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಒಬ್ಬರು ನನ್ನ ಹತ್ತಿರ ಬಂದಿದ್ದರು. ಒಂದು ಬೆಳಗ್ಗೆ ಕೂಲಿಯವರ ಲೈನ್ ಮನೆ ಕಡೆ ನಡೆದು ಹೋಗುವಾಗ ಹಲಸಿನ ಮರದ ಕೆಳಗೆ ಒಂಟಿ ಆನೆ ನಿಂತಿತ್ತು. ಅಟ್ಟಿಸಿಕೊಂಡು ಬಂತು. ಇವರು ಚರಂಡಿಗೆ ಉರುಳಿ ಬಿದ್ದು ಬದುಕಿದರು. ಮೈಮೇಲೆ ತರಚು ಗಾಯ ಬಿಟ್ಟರೆ ಏನೂ ಇಲ್ಲ. ಆದರೆ ಆಮೇಲೆ ಹಲಸಿನ ಹಣ್ಣಿನ ವಾಸನೆ ಬಂದರೆ ಸಾಕು, ಅಂಗಿ ಒದ್ದೆಯಾಗುವಷ್ಟು ಬೆವರು. ಮನೆಯಲ್ಲಿ ಹಣ್ಣು ಕೊಯ್ದರೂ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು. ಹಲಸು ಅವರಿಗೆ ಏನು ಮಾಡಿತ್ತು? ಏನೂ ಇಲ್ಲ. ಆನೆ ಬಂದ ಹೊತ್ತಿನಲ್ಲಿ ಅದರ ವಾಸನೆ ಗಾಳಿಯಲ್ಲಿತ್ತು, ಅಷ್ಟೇ. ಮೆದುಳು ಒಂದೇ ಸಲಕ್ಕೆ ಎರಡನ್ನೂ ಗಂಟು ಹಾಕಿಬಿಟ್ಟಿತು.

ಇದೇ ಭಯದ ಕಲಿಕೆ. ಮೆದುಳಿನ ಆಳದಲ್ಲಿ ಎರಡೂ ಬದಿಗೆ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಈ ಗಂಟು ಹಾಕುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಜೀವ ಉಳಿಸುವ ಕೆಲಸವಾದ್ದರಿಂದ ಅದು ತರ್ಕ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ 2018ರ ಆಗಸ್ಟ್ ಆದಮೇಲೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರಿಗೆ ಇವತ್ತಿಗೂ ಶೀಟಿನ ಮೇಲೆ ಮಳೆ ಜೋರಾದರೆ ನಿದ್ದೆ ಹತ್ತುವುದಿಲ್ಲ.

ನಿಮ್ಮ ವಿಷಯದಲ್ಲಿ ಆನೆಯ ಜಾಗದಲ್ಲಿ ಇರುವುದು ಆ ನಗು. ಹಲಸಿನ ವಾಸನೆಯ ಜಾಗದಲ್ಲಿ ಇರುವುದು ಜನರ ಕಣ್ಣು. ಈಗ ಯಾರೇ ನೋಡಿದರೂ ಮೈ ಅದೇ ಗಂಟೆ ಬಾರಿಸುತ್ತದೆ. ಎಲ್ಲರ ಸಭಾಭಯವೂ ಹೀಗೆ ಒಂದು ದಿನದಿಂದ ಶುರುವಾಗುತ್ತದೆ ಎಂದಲ್ಲ. ಜಾಸ್ತಿ ಜನಕ್ಕೆ ಹದಿಹರೆಯದಲ್ಲೇ ಬೇರು ಇರುತ್ತದೆ. ನಿಮಗೂ ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ‘ಪ್ರೆಸೆಂಟ್’ ಎನ್ನಲು ಗಂಟಲು ಒಣಗುತ್ತಿತ್ತಾ, ನೆನಪು ಮಾಡಿಕೊಳ್ಳಿ. ನಿಮ್ಮ ಡಾಕ್ಟರಿಗೆ ಅದು ಗೊತ್ತಾದರೆ ಒಳ್ಳೆಯದು.

ಈಗ ಗಂಟು ಬಿಚ್ಚುವ ಮಾತು. ಆ ರೈಟರ್ ಜೊತೆ ನಾನು ಮಾಡಿದ್ದು ಇಷ್ಟು. ಒಂದು ತಟ್ಟೆಯಲ್ಲಿ ನಾಲ್ಕು ಹಲಸಿನ ತೊಳೆ ಇಟ್ಟು ನನ್ನ ಕೋಣೆಯಲ್ಲೇ ಅವರನ್ನು ಕೂರಿಸಿದೆ. ಮೊದಲ ಹತ್ತು ನಿಮಿಷ ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಬಾಗಿಲು ನೋಡುತ್ತಾ ಕೂತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಹಿಡಿತ ಸಡಿಲವಾಯಿತು. ಮೂರನೇ ಸಲ ಬಂದಾಗ ಒಂದು ತೊಳೆ ತಿಂದರು. ವಾಸನೆ ಬಂತು, ಆನೆ ಬರಲಿಲ್ಲ. ಇದನ್ನು ಮೆದುಳು ಮತ್ತೆ ಮತ್ತೆ ಕಂಡರೆ ಹೊಸ ಪಾಠ ಕಲಿಯುತ್ತದೆ. ಆನೆಗೆ ಹೆದರಬೇಕು, ಸಿದ್ದಾಪುರದಲ್ಲಿ ಇದ್ದವರು ಹೆದರಲೇಬೇಕು. ಹಲಸಿಗೆ ಬೇಡ. ನಾವು ಬಿಡಿಸಿದ್ದು ಅದನ್ನು ಮಾತ್ರ.

ಆದರೆ ಹಳೆಯ ಪಾಠ ಅಳಿಸಿಹೋಗಲಿಲ್ಲ. ಮುಂದಿನ ವರ್ಷ ಹಲಸಿನ ಕಾಲದಲ್ಲಿ ಮೊದಲ ಹಣ್ಣು ಬಿದ್ದ ದಿನ ಅವರ ಎದೆ ಮತ್ತೆ ಹೊಡೆದುಕೊಂಡಿತು. ಫೋನ್ ಮಾಡಿದರು. ಇನ್ನೊಂದು ಹಣ್ಣು ಕೊಯ್ದು ಮನೆಯವರೆಲ್ಲಾ ಒಟ್ಟಿಗೆ ಕೂತು ತಿನ್ನಿ ಎಂದೆ. ಎರಡು ದಿನಕ್ಕೆ ಸರಿಹೋಯಿತು. ಪ್ರಯೋಗಶಾಲೆಗಳಲ್ಲೂ ಕಂಡಿರುವುದು ಇದೇ. ಭಯ ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ‘ಈಗ ಅಪಾಯ ಇಲ್ಲ’ ಎಂಬ ಇನ್ನೊಂದು ನೆನಪು ಕೂರುತ್ತದೆ. ಯಾವುದು ಗಟ್ಟಿಯೋ ಅದು ಗೆಲ್ಲುತ್ತದೆ. ಕಾಲ ಕಳೆದರೆ, ಜಾಗ ಬದಲಾದರೆ, ಹೊಸ ಏಟು ಬಿದ್ದರೆ ಹಳೆಯದು ಮತ್ತೆ ತಲೆ ಎತ್ತಬಹುದು. ಹಾಗಾಗಿ ಎರಡನೆಯ ನೆನಪನ್ನು ಗಟ್ಟಿ ಮಾಡುವ ಔಷಧಿ ಸಿಕ್ಕೀತಾ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸಿಬಿಡಿ ಈ ಕಥೆಗೆ ಬರುವುದು ಇಲ್ಲಿ.

ಸಿಬಿಡಿ ಎಂದರೆ ಕ್ಯಾನಬಿಡಿಯಾಲ್. ಗಾಂಜಾ ಗಿಡದಲ್ಲಿರುವ ನೂರಕ್ಕೂ ಹೆಚ್ಚು ಇಂಥ ವಸ್ತುಗಳಲ್ಲಿ ಒಂದು. ಅಮಲು ಬರಿಸುವುದು ಅದರ ಅಣ್ಣತಮ್ಮ ಟಿಎಚ್‌ಸಿ. ಸಿಬಿಡಿ ಅಮಲು ಬರಿಸುವುದಿಲ್ಲ. ಇದನ್ನು ಮೊದಲು ಬೇರ್ಪಡಿಸಿದ್ದು 1940ರಲ್ಲಿ, ಅಮೆರಿಕದ ರೋಜರ್ ಆಡಮ್ಸ್. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೂಲಮ್ ಅದರ ರಚನೆ ಬಿಡಿಸಿ ತೋರಿಸಿದರು. ಇದೇ ಮೆಕೂಲಮ್ ತಂಡ 1992ರಲ್ಲಿ ನಮ್ಮ ಮೆದುಳೇ ತಯಾರಿಸುವ ಗಾಂಜಾದಂಥ ವಸ್ತುವೊಂದನ್ನು ಕಂಡುಹಿಡಿದು ಅದಕ್ಕೆ ಅನಂಡಮೈಡ್ ಎಂದು ಹೆಸರಿಟ್ಟಿತು. ನಮ್ಮ ‘ಆನಂದ’ ಪದದಿಂದಲೇ ಕಟ್ಟಿದ ಹೆಸರು. ಭಯ ಬಿಡಿಸುವ ಕಲಿಕೆಯಲ್ಲಿ ಅನಂಡಮೈಡ್‌ಗೆ ಕೆಲಸವಿದೆ. ಅದನ್ನು ಒಡೆಯುವ ಕಿಣ್ವವನ್ನು ಸಿಬಿಡಿ ತಡೆಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಜೊತೆಗೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಹಿಡಿದುಕೊಳ್ಳುವ ಒಂದು ಬಗೆಯ ಗ್ರಾಹಕದ (ರಿಸೆಪ್ಟರ್) ಮೇಲೂ ಅದು ಕೆಲಸ ಮಾಡುತ್ತದೆ. ಪೆಟ್ಟು ಕೊಟ್ಟು ಭಯ ಕಲಿಸಿದ ಇಲಿಗಳಲ್ಲಿ ಸಿಬಿಡಿ ಭಯವನ್ನು ಬೇಗ ಇಳಿಸಿದ್ದು ನಿಜ.

ಮನುಷ್ಯರಲ್ಲಿ? ಮೂರು ಪ್ರಯೋಗಗಳನ್ನು ಹೇಳಲೇಬೇಕು.

ಒಂದು, ಬ್ರೆಜಿಲ್‌ನದು, 2011ರಲ್ಲಿ ಪ್ರಕಟವಾದದ್ದು. ನಿಮ್ಮಂತೆಯೇ ಸಭೆಯ ಭಯವಿರುವ, ಅದುವರೆಗೆ ಯಾವ ಔಷಧಿಯನ್ನೂ ತಗೊಳ್ಳದ 24 ಜನ. ಅರ್ಧ ಜನಕ್ಕೆ 600 ಮಿ.ಗ್ರಾಂ ಸಿಬಿಡಿ, ಅರ್ಧ ಜನಕ್ಕೆ ಔಷಧಿ ಇಲ್ಲದ ಖಾಲಿ ಕ್ಯಾಪ್ಸೂಲ್. ಒಂದೂವರೆ ಗಂಟೆ ಬಿಟ್ಟು ಭಾಷಣದ ಪರೀಕ್ಷೆ. ತಯಾರಿಗೆ ಎರಡು ನಿಮಿಷ, ಮಾತಿಗೆ ನಾಲ್ಕು ನಿಮಿಷ. ವಿಷಯ ಊರಿನ ಬಸ್ಸು, ಸಾರಿಗೆ ವ್ಯವಸ್ಥೆ. ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ತನ್ನದೇ ಮುಖ ಕಾಣುವ ಟಿವಿ. ಓದುವಾಗಲೇ ನಿಮಗೆ ಬೆವರು ಬಂದಿರಬೇಕು, ಅಲ್ವಾ? ಸಿಬಿಡಿ ತಗೊಂಡವರ ಆತಂಕ ಸ್ಪಷ್ಟವಾಗಿ ಕಡಿಮೆಯಿತ್ತು. ಭಯವೇ ಇಲ್ಲದ ಇನ್ನೊಂದು 12 ಜನರ ಮಟ್ಟಕ್ಕೆ ಹತ್ತಿರವಿತ್ತು. ಸಿಬಿಡಿಗೆ ಹೆಸರು ಬಂದದ್ದೇ ಇಂಥ ಪ್ರಯೋಗಗಳಿಂದ. ಆದರೆ ಗಮನಿಸಿ, ಒಂದೇ ದಿನ, ಒಂದೇ ಡೋಸ್, ಒಂದು ಗುಂಪಿನಲ್ಲಿ 12 ಜನ.

ಎರಡನೆಯದು 2013ರದು. ಬಣ್ಣದ ಚೌಕ ತೋರಿಸಿ ಸಣ್ಣ ವಿದ್ಯುತ್ ಏಟು ಕೊಟ್ಟು 48 ಆರೋಗ್ಯವಂತರಿಗೆ ಭಯ ಕಲಿಸಿದರು. ಆಮೇಲೆ ಏಟಿಲ್ಲದೆ ಚೌಕ ತೋರಿಸಿ ಭಯ ಬಿಡಿಸಿದರು. 32 ಮಿ.ಗ್ರಾಂ ಸಿಬಿಡಿಯನ್ನು ಉಸಿರಿನ ಮೂಲಕ, ಕೆಲವರಿಗೆ ಈ ಬಿಡಿಸುವ ಪಾಠಕ್ಕೆ ಮುಂಚೆ, ಕೆಲವರಿಗೆ ಪಾಠದ ನಂತರ ಕೊಟ್ಟರು. ಪಾಠ ಮುಗಿದ ಮೇಲೆ ತಗೊಂಡವರಲ್ಲಿ ‘ಇನ್ನು ಏಟು ಬೀಳುವುದಿಲ್ಲ’ ಎಂಬ ಹೊಸ ನೆನಪು ಎರಡು ದಿನ ಬಿಟ್ಟು ನೋಡಿದಾಗ ಹೆಚ್ಚು ಗಟ್ಟಿಯಾಗಿತ್ತು. ನಿಮ್ಮ ತಮ್ಮನ ‘ಅಳಿಸುತ್ತೆ’ ಬಂದಿರುವುದು ಬಹುಶಃ ಇಂಥ ಕಡೆಯಿಂದ. ಆದರೆ ಇಲ್ಲೂ ಅಳಿದದ್ದು ಏನೂ ಇಲ್ಲ. ಮೊದಲು ಪಾಠ ಇತ್ತು, ಆಮೇಲೆ ಸಿಬಿಡಿ ಅದಕ್ಕೆ ಗೊಬ್ಬರವಾಯಿತು. ಪಾಠವೇ ಇಲ್ಲದೆ ಮನೆಯ ಕೋಣೆಯಲ್ಲಿ ಕೂತು ಹನಿ ಹಾಕಿಕೊಂಡರೆ ಗೊಬ್ಬರ ಯಾವ ಗಿಡಕ್ಕೆ?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹಾಗಾದರೆ ರೋಗಿಗಳಿಗೆ ಪಾಠ ಮತ್ತು ಸಿಬಿಡಿ ಎರಡನ್ನೂ ಒಟ್ಟಿಗೆ ಕೊಟ್ಟು ನೋಡೋಣ ಎಂದು ನೆದರ್‌ಲ್ಯಾಂಡ್ಸ್‌ನವರು ಹೊರಟರು. 2022ರಲ್ಲಿ ಫಲಿತಾಂಶ ಬಂತು. ಸಭೆಯ ಭಯ ಇರುವವರು, ಪ್ಯಾನಿಕ್ (ಇದ್ದಕ್ಕಿದ್ದಂತೆ ಏರುವ ಗಾಬರಿ) ಜೊತೆಗೆ ಹೊರಗೆ ಹೋಗಲು ಹೆದರುವವರು, ಒಟ್ಟು 80 ಜನ. ಹಿಂದಿನ ಚಿಕಿತ್ಸೆಯಿಂದ ಸಾಕಷ್ಟು ಗುಣ ಕಾಣದವರು. ಎಂಟು ಸಲ ಎಕ್ಸ್‌ಪೋಶರ್ ಥೆರಪಿ, ಅಂದರೆ ಹೆದರುವ ಜಾಗಕ್ಕೆ ಹಂತ ಹಂತವಾಗಿ ಹೋಗುವ ಚಿಕಿತ್ಸೆ. ಪ್ರತಿ ಸಲಕ್ಕೂ ಮುಂಚೆ 300 ಮಿ.ಗ್ರಾಂ ಸಿಬಿಡಿ ಅಥವಾ ಖಾಲಿ ಕ್ಯಾಪ್ಸೂಲ್. ಸಿಬಿಡಿ ಗುಂಪಿಗೆ ಯಾವ ಹೆಚ್ಚಿನ ಲಾಭವೂ ಸಿಗಲಿಲ್ಲ. ನಿಜ ಹೇಳುತ್ತೇನೆ, ಇದನ್ನು ಓದಿದಾಗ ನನಗೆ ಬೇಸರವಾಯಿತು. ನನ್ನ ರೋಗಿಗಳಿಗೆ ಒಂದು ಹೊಸ ದಾರಿ ಸಿಗುತ್ತದೆ ಎಂದು ಕಾದಿದ್ದೆ.

ಜಪಾನಿನಲ್ಲಿ 18–19 ವಯಸ್ಸಿನ 37 ಜನರಿಗೆ ನಾಲ್ಕು ವಾರ ದಿನಾ 300 ಮಿ.ಗ್ರಾಂ ಕೊಟ್ಟಾಗ ಆತಂಕ ಇಳಿದದ್ದೂ ಉಂಟು. ಹಾಗಾಗಿ ಬಾಗಿಲು ಮುಚ್ಚಿಲ್ಲ. ಆದರೆ ‘ಮಾತ್ರೆ ಬಿಟ್ಟು ಇದನ್ನು ತಗೋ’ ಎನ್ನುವಷ್ಟು ಆಧಾರ ಇವತ್ತು ಯಾರ ಕೈಯಲ್ಲೂ ಇಲ್ಲ.

ಈಗ ನಿಮ್ಮ ಬಾಟಲಿ ತೆಗೆದು ಎದುರಿಗೆ ಇಟ್ಟುಕೊಳ್ಳಿ, ಲೆಕ್ಕ ಹಾಕೋಣ. 30 ಮಿ.ಲೀ.ಯಲ್ಲಿ 1000 ಮಿ.ಗ್ರಾಂ. ಆ ಸಾವಿರವೂ ಸಿಬಿಡಿಯೇ ಎಂದು ಇಟ್ಟುಕೊಂಡರೂ ಒಂದು ಮಿ.ಲೀ.ಗೆ 33 ಮಿ.ಗ್ರಾಂ. ಒಂದು ಮಿ.ಲೀ.ಗೆ ಸುಮಾರು 20 ಹನಿ. ನಿಮ್ಮ ಐದು ಹನಿಗೆ ಎಂಟು ಮಿ.ಗ್ರಾಂ. ಪ್ರಯೋಗದ 300 ಮಿ.ಗ್ರಾಂ ಬೇಕಾದರೆ ಒಂದೇ ಸಲಕ್ಕೆ 180 ಹನಿ, ಬಾಟಲಿಯ ಮೂರನೇ ಒಂದು ಭಾಗ. ಮೂರು ದಿನಕ್ಕೆ ಬಾಟಲಿ ಖಾಲಿ. ಹಾಗಂತ 180 ಹನಿ ಕುಡಿಯಲು ಹೋಗಬೇಡಿ, ದಯವಿಟ್ಟು. ಜಾಸ್ತಿ ತಗೊಂಡರೆ ಜಾಸ್ತಿ ಫಲ ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. 2019ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರಿಗೆ 150, 300, 600 ಮಿ.ಗ್ರಾಂ ಕೊಟ್ಟು ಭಾಷಣ ಮಾಡಿಸಿದಾಗ ನಡುವಿನ 300 ಮಾತ್ರ ಕೆಲಸ ಮಾಡಿತು.

ಇನ್ನೊಂದು ತೊಡಕಿದೆ. ಲೇಬಲ್ಲಿನಲ್ಲಿ ಇರುವುದು ‘ವಿಜಯಾ ಸತ್ವ’. ವಿಜಯಾ ಎಂದರೆ ಆಯುರ್ವೇದದಲ್ಲಿ ಭಂಗಿ, ಅಂದರೆ ಗಾಂಜಾ ಗಿಡದ ಹೆಸರು. ಸತ್ವದ ತೂಕ ಬೇರೆ, ಅದರೊಳಗಿನ ಸಿಬಿಡಿಯ ತೂಕ ಬೇರೆ. ಎಷ್ಟು ಸಿಬಿಡಿ, ಎಷ್ಟು ಟಿಎಚ್‌ಸಿ ಎಂದು ಬೇರೆಬೇರೆಯಾಗಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ನೀವು ಏನು ತಗೊಳ್ಳುತ್ತಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ. ಬರೆದಿದ್ದರೂ ಪೂರ್ತಿ ನಂಬುವುದು ಕಷ್ಟ. 2017ರಲ್ಲಿ ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಸಿಗುವ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ 26ರಲ್ಲಿ ಮಾತ್ರ ಲೇಬಲ್ ಸರಿಯಿತ್ತು. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಅಂಗಡಿಗಳಲ್ಲಿ ಹೆಂಪ್, ಅಂದರೆ ಇದೇ ಗಿಡದ ಬೀಜದ ಎಣ್ಣೆಯೂ ಸಿಗುತ್ತದೆ. ಅದು ಅಡುಗೆಯ ಎಣ್ಣೆಯಂಥದ್ದು, ಅದರಲ್ಲಿ ಸಿಬಿಡಿ ಇಲ್ಲ ಎನ್ನುವಷ್ಟು ಕಡಿಮೆ.

ಎರಡನ್ನೂ ಒಟ್ಟಿಗೆ ಬೇಡ ಎಂದೆನಲ್ಲ, ಅದರ ಕಾರಣ ಪಿತ್ತಜನಕಾಂಗದಲ್ಲಿದೆ. ನಿಮ್ಮ ಎಸಿಟಾಲೋಪ್ರಾಮ್ ಅಲ್ಲಿ ಕರಗುವುದು ಮುಖ್ಯವಾಗಿ 2ಸಿ19 ಎಂಬ ಕಿಣ್ವದಿಂದ. ಸಿಬಿಡಿ ಆ ಕಿಣ್ವವನ್ನು ತಡೆಯುತ್ತದೆ. ಆಗ ಮಾತ್ರೆ ಕರಗದೆ ರಕ್ತದಲ್ಲಿ ಉಳಿಯುತ್ತದೆ. ನೀವು ನುಂಗಿದ್ದು 10, ಮೈಗೆ ಸೇರಿದಂತೆ ಆಗುವುದು ಅದಕ್ಕಿಂತ ಜಾಸ್ತಿ. ತಲೆಸುತ್ತು, ತೂಕಡಿಕೆ, ಎದೆಬಡಿತದ ಏರುಪೇರು ಬರಬಹುದು. ಐದು ಹನಿಗೆ ಇಷ್ಟೆಲ್ಲಾ ಆಗದೇ ಇರಬಹುದು. ಆದರೆ ಬಾಟಲಿಯೊಳಗೆ ಎಷ್ಟಿದೆ ಎಂದೇ ಗೊತ್ತಿಲ್ಲದಾಗ ಪಂಥ ಕಟ್ಟಬಾರದು. ಸಿಬಿಡಿಯ ಶುದ್ಧ ರೂಪಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಕ್ಕಳಲ್ಲಿ ಬರುವ ಎರಡು ಕಠಿಣ ಬಗೆಯ ಫಿಟ್ಸ್‌ಗೆ. ಅಲ್ಲೂ ಪಿತ್ತಜನಕಾಂಗದ ರಕ್ತಪರೀಕ್ಷೆ ಮಾಡುತ್ತಲೇ ಕೊಡುತ್ತಾರೆ. ಫಿಟ್ಸ್‌ಗೆ ವಾಲ್ಪ್ರೊಯೇಟ್, ರಕ್ತ ತಿಳಿಯಾಗಿಸಲು ವಾರ್ಫರಿನ್ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಅವರೂ ಈ ಎಣ್ಣೆ ಮುಟ್ಟದಿರಲಿ.

ಅಮ್ಮನ ಹೆದರಿಕೆಗೂ ಉತ್ತರ ಕೊಡಬೇಕು. ಗಿಡ ಅದೇ, ವಸ್ತು ಬೇರೆ ಎಂದು ಹೇಳಿ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಬರೀ ಎಲೆ, ಬೀಜ ಆ ಅರ್ಥದೊಳಗೆ ಬರುವುದಿಲ್ಲ. ಎಲೆಯಿಂದ ಮಾಡಿದ ವಿಜಯಾ ಔಷಧಿಗಳು ಆಯುರ್ವೇದದ ಲೈಸೆನ್ಸಿನಡಿ ಬರುತ್ತವೆ. ಆದರೆ ವಿಜಯಾ ವಿಷದ್ರವ್ಯಗಳ ಪಟ್ಟಿಯಲ್ಲಿದೆ, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಲೇಬಲ್ಲಿನಲ್ಲಿ ಇರಲೇಬೇಕು. ಯಾರೋ ತರಿಸಿ ಇನ್ಯಾರಿಗೋ ಕೊರಿಯರ್ ಮಾಡುವ ವಸ್ತು ಅದಲ್ಲ. ಅಮ್ಮ ಹೆದರಿದ್ದರಲ್ಲಿ ಅರ್ಥವಿದೆ. ‘ಎಣ್ಣೆ ಯಾಕೆ, ಸೊಪ್ಪನ್ನೇ ಸೇದಿದರಾಯ್ತು’ ಎನ್ನುವವರೂ ಸಿಗುತ್ತಾರೆ. ಅವರ ಮಾತು ಕೇಳಲೇಬೇಡಿ. ಗಾಂಜಾದಲ್ಲಿ ಟಿಎಚ್‌ಸಿ ಜಾಸ್ತಿ, ಮತ್ತು ಟಿಎಚ್‌ಸಿ ಡೋಸ್ ಏರಿದಂತೆ ಆತಂಕವನ್ನು ಹೆಚ್ಚಿಸುತ್ತದೆ.

ಸರಿ, ಸೆಪ್ಟೆಂಬರ್‌ಗೆ ಏನು ಮಾಡುವುದು? ನಿಮಗೆ ಬೇಕಾದದ್ದು ಸಿಬಿಟಿ. ಸಿಬಿಡಿ ಅಲ್ಲ, ಸಿಬಿಟಿ. ಕೇಳಲು ಒಂದೇ ಥರ ಇದ್ದರೂ ಇದು ಮಾತಿನ, ಅಭ್ಯಾಸದ ಚಿಕಿತ್ಸೆ. ಸಭೆಯ ಭಯಕ್ಕೆ ಅತಿ ಗಟ್ಟಿಯಾದ ಆಧಾರ ಇರುವುದು ಇದಕ್ಕೇ. ನಿಮ್ಮ ಮಡಿಕೇರಿ ಡಾಕ್ಟರನ್ನೇ ಕೇಳಿ. ಓಡಾಟ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಎತ್ತಲೇ ಭಯ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಆ ಒಂದು ಕರೆಯೇ ನಿಮ್ಮ ಮೊದಲ ಅಭ್ಯಾಸವಾಗಲಿ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಎಡ ಪುಟದಲ್ಲಿ ಏನಾಗುತ್ತದೆ ಎಂದು ಹೆದರುತ್ತೀರೋ ಅದನ್ನು ಮೊದಲೇ ಬರೆಯಿರಿ. ಬಲ ಪುಟದಲ್ಲಿ ನಿಜಕ್ಕೂ ಏನಾಯಿತು ಎಂದು. ಬಸ್ಸಿನಲ್ಲಿ ಕಂಡಕ್ಟರನ್ನು ನಾಲ್ಕು ಜನಕ್ಕೆ ಕೇಳುವಂತೆ ಚಿಲ್ಲರೆ ಕೇಳಿ. ಸಂತೆಯಲ್ಲಿ ಬೀನ್ಸಿಗೆ ಚೌಕಾಸಿ ಮಾಡಿ, ಕೊನೆಗೆ ಕೊಳ್ಳದೆ ಬನ್ನಿ. ಸಂಘದ ಇಬ್ಬರು ಸಹೋದ್ಯೋಗಿಗಳ ಮುಂದೆ ಹಳೆಯ ವರದಿಯ ಒಂದು ಪುಟ ಓದಿ. ಒಂದು ಸಲ ಬೇಕೆಂದೇ ಒಂದು ಅಂಕಿ ತಪ್ಪಾಗಿ ಓದಿ, ‘ಕ್ಷಮಿಸಿ’ ಎಂದು ತಿದ್ದಿ. ಮದುವೆಗೆ ಹೋದರೆ ಬಾಗಿಲ ಪಕ್ಕ ಬೇಡ, ನಡುಸಾಲಿನಲ್ಲಿ ಕೂತು ಊಟ ಮಾಡಿ ಬನ್ನಿ. ಜಾಗ ಬದಲಾಯಿಸುತ್ತಲೇ ಇರಬೇಕು. ಒಂದೇ ಕೋಣೆಯಲ್ಲಿ ಕಲಿತ ಧೈರ್ಯ ಆ ಕೋಣೆಯಲ್ಲೇ ಉಳಿದುಬಿಡುತ್ತದೆ. ಆಗಸ್ಟ್ ಹೊತ್ತಿಗೆ, ಸಭೆ ನಡೆಯುವ ಅದೇ ಹಾಲ್‌ನಲ್ಲಿ ಖಾಲಿ ಕುರ್ಚಿಗಳ ಮುಂದೆ ಒಮ್ಮೆ, ನಾಲ್ಕೈದು ಜನರ ಮುಂದೆ ಒಮ್ಮೆ ಓದಿ.

ಊರುಗೋಲುಗಳ ಬಗ್ಗೆ ಎಚ್ಚರ. ತಲೆ ಎತ್ತದೆ ಓದುವುದು, ಬಾಯಿಗೆ ನೀರಿನ ಬಾಟಲಿ ಹಿಡಿದೇ ಇರುವುದು ಎಲ್ಲಾ ಊರುಗೋಲೇ. ನಮ್ಮ ಕಡೆ ಸಮಾರಂಭಗಳಲ್ಲಿ ಎರಡು ಪೆಗ್ ಹಾಕಿ ಧೈರ್ಯ ತಂದುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ದಿನ ಬಚಾವಾಗುತ್ತಾರೆ, ಆದರೆ ಮೆದುಳು ಕಲಿಯುವುದು ‘ಪೆಗ್ ಇದ್ದುದರಿಂದ ಬಚಾವಾದೆ’ ಎಂದು. ಮುಂದಿನ ಸಲ ಮೂರು ಬೇಕಾಗುತ್ತದೆ. ಸಿಬಿಡಿ ಎಣ್ಣೆಯ ಐದು ಹನಿಯ ಬಗ್ಗೆ ನನಗಿರುವ ದೊಡ್ಡ ಚಿಂತೆಯೂ ಇದೇ. ಅದು ಏನೂ ಮಾಡದಿದ್ದರೂ ಬ್ಯಾಗಿನಲ್ಲಿ ಬಾಟಲಿ ಇಲ್ಲದ ದಿನ ನೀವು ಎದ್ದು ನಿಲ್ಲದೇ ಹೋಗಬಹುದು. ಸಭೆಯ ದಿನಕ್ಕೆಂದೇ ನಡುಕ ತಗ್ಗಿಸುವ ಪ್ರೊಪ್ರಾನೊಲಾಲ್ ಮಾತ್ರೆಯನ್ನು ಕೆಲವರಿಗೆ ಕೊಡುವುದುಂಟು. ಆಸ್ತಮಾ ಇದ್ದರೆ ಅದು ಆಗದು. ಬೇಕೋ ಬೇಡವೋ ಎಂದು ನಿಮ್ಮ ಡಾಕ್ಟರ್ ಹೇಳಲಿ.

ಸೆಪ್ಟೆಂಬರ್‌ನಲ್ಲಿ ಕೈ ನಡುಗಬಹುದು. ಸದ್ದು ಬಾರದಿರಲಿ ಎಂದು ಕಾಗದವನ್ನು ರಟ್ಟಿಗೆ ಸಿಕ್ಕಿಸಿಕೊಳ್ಳಬೇಡಿ. ನಡುಗಲಿ, ಸದ್ದು ಬರಲಿ. ಪುಟ ಮುಗಿದಾಗಲೆಲ್ಲಾ ತಲೆ ಎತ್ತಿ ಹಿಂದಿನ ಸಾಲನ್ನೇ ನೋಡಿ. ಎಷ್ಟು ಜನ ನಕ್ಕರು, ಎಷ್ಟು ಜನ ಫೋನ್ ನೋಡುತ್ತಿದ್ದರು, ಎಷ್ಟು ಜನ ತೂಕಡಿಸುತ್ತಿದ್ದರು ಎಂದು ಎಣಿಸಿ, ಅವತ್ತು ರಾತ್ರಿಯೇ ಬಲ ಪುಟದಲ್ಲಿ ಬರೆದಿಡಿ. ಆ ಪುಟವನ್ನು ನನಗೂ ಕಳಿಸಿ.